‘ನಳ ಬಂತು’: ಜಲಮಿತವ್ಯಯದ ಕಟ್ಟಡನಿಯಮಗಳು ಮತ್ತು ಗದಗ ಸೀಮೆಯ ನಾಲ್ಕು ಪಟ್ಟಣಗಳು

ಗದಗ-ಬೆಟಗೇರಿಯ ಓಣಿಗಳಲ್ಲಿ ಆಗಾಗ ಕೇಳಿಬರುವ ಮಾತುಗಳಲ್ಲಿ ‘ನಳ ಬಂತು’ ಎಂಬುದೊಂದು. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಇದು ವಿಚಿತ್ರವಾದ ಪ್ರಯೋಗವೇ ಸರಿ. ಬರುವುದು ನೀರು, ನಳವಾದರೋ ಗೋಡೆಗೆ ಕಚ್ಚಿಕೊಂಡು ಇದ್ದಲ್ಲಿಯೇ ಇರುವ ವಸ್ತು. ಆದರೆ ಈ ಸೀಮೆಯ ಜನರ ಬಾಯಲ್ಲಿ ನಳವು ವಸ್ತುವಾಚಕವಾಗಿ ಉಳಿಯದೆ ಕಾಲವಾಚಕವಾಗಿದೆ. ಹಬ್ಬ ಬಂತು, ಸಂತೆ ಬಂತು ಎಂಬಂತೆಯೇ ನಳ ಬಂತು. ಕೆಲವು ತಾಸು ಇದ್ದು ನಳ ಹೋಯಿತು. ಮುಂದಿನ ನಳ ಯಾವಾಗ ಎಂಬುದು ಕಟ್ಟೆಯ ಮೇಲಿನ ಚರ್ಚೆಯ ವಿಷಯ. ಈ ಒಂದು ನುಡಿಯನ್ನು ಒರೆಗಲ್ಲಾಗಿ ಇಟ್ಟುಕೊಂಡು, ನೀರನ್ನು ಉಳಿಸುವ ಸಲುವಾಗಿ ಕಟ್ಟಡಗಳ ಒಳಗಿನ ನಳ, ಶೌಚದ ತೊಟ್ಟಿ ಮೊದಲಾದ ಸಲಕರಣೆಗಳನ್ನು ಕುರಿತು ಈಚೆಗೆ ಹೊರಟಿರುವ ನಿಯಮಗಳನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನಿಗೆ ನಳದ ಗೊಡವೆ ಏಕೆಂದು ಕೇಳುವವರು ಇರಬಹುದು. ನಾವು ಒಂದು ಶಾಸನವನ್ನು ಓದುವಾಗ ಕೆಲವು ಪ್ರಶ್ನೆಗಳನ್ನು ಕೇಳಿಯೇ ಮುಂದಕ್ಕೆ ಹೋಗುತ್ತೇವೆ: ಇದನ್ನು ಬರೆಯಿಸಿದವರು ಯಾರು, ಇದು ಯಾರನ್ನು ಕಟ್ಟಿಹಾಕುತ್ತದೆ, ಯಾವ ನೆಲಕ್ಕೆ ಅನ್ವಯಿಸುತ್ತದೆ, ಇದನ್ನು ನಡೆಯಿಸುವ ಹೊಣೆ ಯಾರದು, ಆ ಹೊಣೆ ಹೊತ್ತವನ ಜೀವಿತಕ್ಕೆ ಆಧಾರವೇನು. ಸಾವಿರ ವರ್ಷದ ಹಿಂದಿನ ಕಲ್ಲಿಗೆ ಕೇಳುವ ಈ ಪ್ರಶ್ನೆಗಳನ್ನು ನಿನ್ನೆಯ ಸರಕಾರಿ ಆಜ್ಞೆಗೆ ಕೇಳಬಾರದೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ.

ಪರಿಶೀಲನೆಗೆ ಎತ್ತಿಕೊಂಡಿರುವ ಬರಹಗಳು ಮುಖ್ಯವಾಗಿ ಮೂರು. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯವು 2016ರಲ್ಲಿ ಹೊರತಂದ ಮಾದರಿ ಕಟ್ಟಡ ಉಪವಿಧಿಗಳು ಮೊದಲನೆಯದು. ಅದರಲ್ಲಿ ಹಸಿರು ಕಟ್ಟಡಗಳನ್ನು ಕುರಿತ ಒಂದು ಅಧ್ಯಾಯವಿದ್ದು, ಮಳೆನೀರಿನ ಕೊಯಿಲು, ಬಳಸಿದ ನೀರಿನ ಮರುಬಳಕೆ ಮೊದಲಾದವುಗಳ ಸಾಲಿನಲ್ಲಿ ಕಡಿಮೆ ನೀರು ಬಳಸುವ ನಳದ ಸಲಕರಣೆಗಳನ್ನೂ ಹೆಸರಿಸಲಾಗಿದೆ. ಎರಡನೆಯದು, ಭಾರತೀಯ ಮಾನಕ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಐಎಸ್ 17650 ಎಂಬ ಮಾನಕ. ಶೌಚಪೀಠ ಮೊದಲಾದ ಪಿಂಗಾಣಿ ಸಾಮಾನುಗಳಿಗೆ ಒಂದು ಭಾಗ, ನಳ ಮೊದಲಾದ ಜೋಡಣೆಗಳಿಗೆ ಇನ್ನೊಂದು ಭಾಗ ಹೀಗೆ ವಿಂಗಡಿಸಿ, ಇಂಥ ಸಲಕರಣೆ ಇಷ್ಟು ನೀರನ್ನು ಮೀರಬಾರದೆಂದು ಅದು ಗೊತ್ತುಪಡಿಸುತ್ತದೆ. ಮೂರನೆಯದು, 2023ರ ಮಳೆಗಾಲ ಕೈಕೊಟ್ಟ ಮೇಲೆ ಬೆಂಗಳೂರು ಜಲಮಂಡಳಿಯು 2024ರ ಮಾರ್ಚ್ ತಿಂಗಳಿನಲ್ಲಿ ಹೊರಡಿಸಿದ ಆಜ್ಞೆ. ಹೋಟೆಲು, ಅಂಗಡಿ-ಮಳಿಗೆ, ಕಾರ್ಖಾನೆ, ಬಹುಮಹಡಿ ವಸತಿ ಮೊದಲಾದ ಕಡೆ ನಳಗಳಿಗೆ ಏರೇಟರ್ ಕೂಡಿಸುವುದನ್ನು ಅದು ಕಡ್ಡಾಯ ಮಾಡಿತು. ಏರೇಟರ್ ಎಂದರೆ ನಳದ ಮೂತಿಗೆ ತಿರುಪಿನಿಂದ ಕೂಡಿಸುವ ಸಣ್ಣ ಜಾಲರಿಯ ಬಿಲ್ಲೆ. ಅದು ನೀರಿನ ಧಾರೆಗೆ ಗಾಳಿಯನ್ನು ಬೆರೆಸಿ, ಕಡಿಮೆ ನೀರಿನಲ್ಲಿಯೇ ಕೈ ತೊಳೆದ ಅನುಭವವನ್ನು ಕೊಡುತ್ತದೆ.

ಗದಗ-ಬೆಟಗೇರಿಯ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿಯ ಪುರಸಭೆಗಳು, ಶಿರಹಟ್ಟಿಯ ಪಟ್ಟಣ ಪಂಚಾಯಿತಿ ಇವು ನಾಲ್ಕೂ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮಕ್ಕೆ ಒಳಪಟ್ಟ ಸಂಸ್ಥೆಗಳು. ತಮಗೆ ಬೇಕಾದ ಉಪವಿಧಿಗಳನ್ನು ರಚಿಸಿಕೊಳ್ಳುವ ಅಧಿಕಾರ ಅವುಗಳಿಗೆ ಉಂಟು. ಆದರೆ ನಮ್ಮ ಸಣ್ಣ ಪಟ್ಟಣಗಳ ರೂಢಿಯಲ್ಲಿ ಉಪವಿಧಿಗಳು ಊರಿನಿಂದ ಹುಟ್ಟುವುದಕ್ಕಿಂತ ಮೇಲಿನಿಂದ ಇಳಿದುಬರುವುದೇ ಹೆಚ್ಚು. ಆದುದರಿಂದ, ದಿಲ್ಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಬರೆದ ಮಾದರಿಯು ನಾಳೆ ಮುಂಡರಗಿಯ ಕಟ್ಟಡ ಪರವಾನಿಗೆಯ ಷರತ್ತಾಗಿ ಬಂದು ನಿಂತಾಗ ಅದರ ಅರ್ಥವೇನಾದೀತು ಎಂದು ಈಗಲೇ ಕೇಳುವುದು ಅಕಾಲಿಕವಲ್ಲ.

ಮೊದಲು ಗುಣವನ್ನು ಹೇಳಬೇಕು. ನೀರಿನ ಪ್ರಶ್ನೆಯೆಂದರೆ ಹೊಸ ನದಿ, ಹೊಸ ಅಣೆ, ಹೊಸ ಪೈಪು ಎಂದಷ್ಟೇ ತಿಳಿದಿದ್ದ ನಮ್ಮ ಆಡಳಿತವು, ಬಳಕೆಯ ಕೊನೆಯ ತುದಿಯನ್ನು ಕಣ್ಣೆತ್ತಿ ನೋಡಿದ್ದು ಈ ಬರಹಗಳ ಮೂಲಕ. ಸುಮಾರು 600 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಮಿತವ್ಯಯವನ್ನು ಬೇಡವೆನ್ನುವವನು ಅವಿವೇಕಿ. ಮಾನಕದ ಭಾಷೆಯೂ ತಕ್ಕಮಟ್ಟಿಗೆ ಖಚಿತವಾದುದು. ‘ಸಾಧ್ಯವಾದಷ್ಟು ಉಳಿಸತಕ್ಕದ್ದು’ ಎಂಬ ಜೊಳ್ಳು ಮಾತಿಗೆ ಬದಲಾಗಿ ಲೀಟರಿನ ಲೆಕ್ಕವನ್ನು ಅದು ಕೊಡುತ್ತದೆ. ಲೆಕ್ಕವಿರುವ ನಿಯಮವನ್ನು ಪರೀಕ್ಷಿಸಬಹುದು. ಲೆಕ್ಕವಿಲ್ಲದ ನಿಯಮವನ್ನು ಹೊಗಳಬಹುದು, ಅಷ್ಟೆ.

ಆದರೆ ಈ ಲೆಕ್ಕವೆಲ್ಲವೂ ಒಂದು ಮೌನವಾದ ಊಹೆಯ ಮೇಲೆ ನಿಂತಿದೆ. ನಳದ ತಿರುಗಣಿಯನ್ನು ಯಾವ ಹೊತ್ತಿನಲ್ಲಿ ತಿರುವಿದರೂ ಒಂದೇ ಒತ್ತಡದಲ್ಲಿ ನೀರು ಬರುತ್ತದೆ. ಬಳಸಿದಷ್ಟನ್ನು ಮೀಟರು ಅಳೆಯುತ್ತದೆ. ಉಳಿದ ನೀರು ಪೈಪಿನಲ್ಲಿಯೇ ನಿಂತು ನೆರೆಯವನ ಪಾಲಿಗೆ ಸಲ್ಲುತ್ತದೆ ಎಂಬುದೇ ಆ ಊಹೆ. ಈ ಜಾತಿಯ ನಿಯಮಗಳು ಹುಟ್ಟಿದ ದೇಶಗಳಲ್ಲಿ ಅದು ನಿಜವೇ. ಅಮೆರಿಕದ 1992ರ ಇಂಧನ ನೀತಿ ಅಧಿನಿಯಮವು ಹೊಸ ಶೌಚಪೀಠಗಳಿಗೆ ಒಂದು ಸಲಕ್ಕೆ 1.6 ಗ್ಯಾಲನ್, ಅಂದರೆ ಸುಮಾರು 6 ಲೀಟರು ಎಂಬ ಮಿತಿಯನ್ನು ಹಾಕಿ 1994ರಿಂದ ಜಾರಿಗೆ ತಂದಿತು. ಮೊದಲ ವರ್ಷಗಳ ಪೀಠಗಳು ಒಂದು ಸಲಕ್ಕೆ ಶುಚಿಯಾಗದೆ ಜನ ಎರಡೆರಡು ಸಲ ನೀರು ಬಿಡುವಂತಾಯಿತೆಂಬ ದೂರು ಬಂದು, ಪೀಠದ ಆಕಾರವನ್ನೇ ತಿದ್ದಬೇಕಾಯಿತು. ಆಸ್ಟ್ರೇಲಿಯದಲ್ಲಿ ಎರಡು ಗುಂಡಿಯ ತೊಟ್ಟಿ 1980ರಲ್ಲಿ ಬಳಕೆಗೆ ಬಂದಿತು. ಸಲಕರಣೆಗಳಿಗೆ ನಕ್ಷತ್ರದ ಗುರುತು ಹಾಕುವ ಕಾನೂನು 2005ರಲ್ಲಿ ಬಂದಿತು. ಅಲ್ಲಿ ನಿಯಮವು ಹಿಂದೆ, ಎಡೆಬಿಡದ ನೀರು ಮುಂದೆ. ನಮ್ಮಲ್ಲಿ ನಿಯಮವು ಮುಂದೆ ಬಂದು ನೀರಿನ ದಾರಿಯನ್ನು ಕಾಯುತ್ತಿದೆ.

ಈ ಕ್ರಮವನ್ನು ಸರಿಪಡಿಸಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 2008ರ ಸುಮಾರಿಗೆ ಹಗಲಿರುಳು ನೀರು ಕೊಡುವ ಪ್ರಯೋಗ ನಡೆಯಿತು. ಮನೆಮನೆಗೆ ಮೀಟರು ಬಂದಿತು. ಹುಬ್ಬಳ್ಳಿ-ಧಾರವಾಡದಲ್ಲಿ ಮುಂದೆ ನಡೆದ ನೀರಿನ ಶುದ್ಧತೆಯ ಅಧ್ಯಯನವು, ಬಿಟ್ಟುಬಿಟ್ಟು ಬರುವ ನೀರಿಗಿಂತ ಎಡೆಬಿಡದೆ ಬರುವ ನೀರಿನಲ್ಲಿ ಕಶ್ಮಲ ಕಡಿಮೆಯೆಂಬುದನ್ನು ತೋರಿಸಿತು. ಅಂಥ ವಾರ್ಡಿನಲ್ಲಿ ಏರೇಟರಿನ ನಿಯಮಕ್ಕೆ ಅರ್ಥವಿದೆ.

ಇನ್ನು ನಮ್ಮ ನಾಲ್ಕು ಊರುಗಳಿಗೆ ಬರೋಣ. ನಾಲ್ಕರ ಆಸರೆಯೂ ತುಂಗಭದ್ರೆಯೇ. ನದಿಯು ಶಿರಹಟ್ಟಿ, ಮುಂಡರಗಿ ತಾಲೂಕುಗಳ ಅಂಚನ್ನು ಸವರಿಕೊಂಡು ಹರಿಯುತ್ತದೆ. ಮುಂಡರಗಿ ತಾಲೂಕಿನ ಹಮ್ಮಿಗಿಯ ಬ್ಯಾರೇಜಿನ ಬಳಿಯಿಂದ ಎತ್ತಿದ ನೀರು ಕಪ್ಪತಗುಡ್ಡದ ಸೀಮೆಯನ್ನು ದಾಟಿ ಗದಗ-ಬೆಟಗೇರಿಗೆ ಬರಬೇಕು. ಲಕ್ಷ್ಮೇಶ್ವರದ ನೀರು ಮೇವುಂಡಿಯಿಂದ ಬರಬೇಕು. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ ಸುಮಾರು 1 ಲಕ್ಷ 72 ಸಾವಿರ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಉತ್ತರ ಕರ್ನಾಟಕದ ನಗರ ಯೋಜನೆಯಲ್ಲಿ ಈ ಅವಳಿ ನಗರವೂ ಸೇರಿತ್ತು. ಕೊಳವೆಗಳೂ ಟಾಕಿಗಳೂ ಎದ್ದವು. ಆದರೂ ಬೇಸಗೆಯಲ್ಲಿ ನದಿ ಬತ್ತಿದಾಗ, ಪೈಪು ಒಡೆದಾಗ, ವಿದ್ಯುತ್ತು ಹೋದಾಗ, ವಾರ ದಾಟಿದ ಮೇಲೆ ನಳ ಬಂದ ಸುದ್ದಿ ಪತ್ರಿಕೆಗಳಲ್ಲಿ ಓದುವವರಿಗೆ ಹೊಸದಲ್ಲ. ಹೀಗಾಗಿ ಮನೆಯೊಂದರ ನಿಜವಾದ ಜಲಸಲಕರಣೆಯೆಂದರೆ ನಳವಲ್ಲ. ಅಂಗಳದ ಸಂಪು, ಮಾಳಿಗೆಯ ಟಾಕಿ, ಬಚ್ಚಲ ಹಂಡೆ, ಹಿತ್ತಲ ಬ್ಯಾರಲ್, ಅಡಿಗೆಮನೆಯ ಕೊಡ, ಇವೆಲ್ಲದರ ತುದಿಯಲ್ಲಿ ಒಂದು ತಂಬಿಗೆ.

ಈ ಸ್ಥಿತಿಯಲ್ಲಿ ಏರೇಟರಿನಿಂದ ಆಗುವುದೇನೆಂದು ಲೆಕ್ಕ ಹಾಕೋಣ. ಏರೇಟರು ಕಡಿಮೆ ಮಾಡುವುದು ನೀರಿನ ವೇಗವನ್ನು. ತುಂಬಬೇಕಾದ ಪಾತ್ರೆಯ ಗಾತ್ರವನ್ನಲ್ಲ. ಬರಿಯ ನಳದಿಂದ ನಿಮಿಷಕ್ಕೆ 12 ಲೀಟರು, ಬಿಲ್ಲೆ ಕೂಡಿಸಿದ ನಳದಿಂದ 4 ಲೀಟರು ಬರುತ್ತದೆಂದು ಇಟ್ಟುಕೊಂಡರೆ, 15 ಲೀಟರಿನ ಕೊಡ ತುಂಬಲು ಮೊದಲು ಒಂದೂಕಾಲು ನಿಮಿಷ, ಆಮೇಲೆ ಮೂರೂಮುಕ್ಕಾಲು ನಿಮಿಷ. ಕೊಡದಲ್ಲಿ ಸೇರಿದ ನೀರು ಎರಡು ಸಲವೂ ಅಷ್ಟೇ. ಉಳಿದದ್ದು ಏನೂ ಇಲ್ಲ. ಕಳೆದದ್ದು ಎರಡೂವರೆ ನಿಮಿಷ. ನಳ ಎರಡು ತಾಸು ಇದ್ದು ಹೋಗುವ ಓಣಿಯಲ್ಲಿ, ಹಲವು ಮನೆಯವರು ಒಂದೇ ನಳದ ಮುಂದೆ ನಿಂತಿರುವಲ್ಲಿ, 96 ಕೊಡ ತುಂಬುತ್ತಿದ್ದ ಕಡೆ 32 ಕೊಡ ತುಂಬೀತು. ಮಿಕ್ಕ 64 ಕೊಡದ ನೀರು ‘ಉಳಿತಾಯ’ವಾಯಿತೆಂದು ಕಾಗದದಲ್ಲಿ ಬರೆಯಬಹುದು. ವಾಸ್ತವವಾಗಿ ಅದು ಮುಂದಿನ ಓಣಿಯಲ್ಲಿ ಮೋಟರು ಹಚ್ಚಿದವನ ಸಂಪಿಗೆ ಹೋಗಿರುತ್ತದೆ. ನಳ ಬರುವ ದಿನ ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿನಿಯರ ಸಾಲು ತೆಳ್ಳಗಾಗುವುದನ್ನು ಈ ಸೀಮೆಯ ಅಧ್ಯಾಪಕರು ಕಂಡೇ ಇರುತ್ತಾರೆ; ಹಾಜರಿಪಟ್ಟಿಯನ್ನು ನೋಡಿ ನೀರಿನ ಸರದಿಯನ್ನು ಊಹಿಸಬಹುದು. ಆ ಎರಡೂವರೆ ನಿಮಿಷದ ಬೆಲೆಯನ್ನು ಕೊಡುವವರು ಇವರೇ.

ಶೌಚದ ತೊಟ್ಟಿಯ ವಿಚಾರ ಇದಕ್ಕಿಂತ ಕುತೂಹಲಕರವಾದುದು. ಇಲ್ಲಿ ಮಿತವ್ಯಯದ ನಿಯಮವು ವ್ಯಯವನ್ನೇ ಹೆಚ್ಚಿಸುವ ಸಂಭವವಿದೆ. ಎರಡು ಗುಂಡಿಯ ತೊಟ್ಟಿಯು ದೊಡ್ಡ ಗುಂಡಿಗೆ 6, ಸಣ್ಣ ಗುಂಡಿಗೆ 3 ಲೀಟರು ಬಿಡುವುದೆನ್ನೋಣ. ಒಬ್ಬನು ದಿನಕ್ಕೆ ಒಂದು ಸಲ ದೊಡ್ಡದನ್ನೂ ಮೂರು ಸಲ ಸಣ್ಣದನ್ನೂ ಒತ್ತಿದರೆ 15 ಲೀಟರು. ಐದು ಜನರ ಮನೆಗೆ 75 ಲೀಟರು. ಎಂಟು ದಿನಕ್ಕೊಮ್ಮೆ ನಳ ಬರುವಲ್ಲಿ 600 ಲೀಟರು, ಅಂದರೆ ಮೂರು ಬ್ಯಾರಲ್ ನೀರು ಶೌಚಕ್ಕೇ ಮೀಸಲು. ನೀರು ಸುರಿದು ಶುಚಿಮಾಡುವ ಕಡಿದಾದ ಇಳಿಜಾರಿನ ಪೀಠಕ್ಕಾದರೋ ಒಂದು ಸಲಕ್ಕೆ ಒಂದೂವರೆ-ಎರಡು ಲೀಟರು ಸಾಕು; ಎರಡರ ಲೆಕ್ಕದಲ್ಲಿಯೇ ಎಂಟು ದಿನಕ್ಕೆ 320 ಲೀಟರು. ಇದು ಹೊಸ ಸಂಶೋಧನೆಯೇನೂ ಅಲ್ಲ. ಗುಂಡಿಯ ಕಕ್ಕಸುಗಳನ್ನು ದೇಶದಲ್ಲೆಲ್ಲ ಹರಡಿದವರು ದಶಕಗಳಿಂದ ಹೇಳುತ್ತ ಬಂದ ಮಾತು. ಆದರೂ ಸಲಕರಣೆಯ ನಿಯಮವು ತೊಟ್ಟಿಯನ್ನು ಗೃಹೀತವಾಗಿ ಹಿಡಿದು ಅದರ ಗಾತ್ರವನ್ನು ಮಾತ್ರ ತಗ್ಗಿಸಲು ಹೊರಡುತ್ತದೆ. ತಂಬಿಗೆಯ ಪೀಠವನ್ನು ಹಿಂದುಳಿದ ಸ್ಥಿತಿಯ ಲಕ್ಷಣವೆಂದು ಭಾವಿಸಿದಂತೆ ತೋರುತ್ತದೆ. ಒಂದು ಮಾತನ್ನು ಮಾತ್ರ ಒಪ್ಪಬೇಕು. ಒಳಚರಂಡಿ ಹಾಯ್ದ ಬಡಾವಣೆಗಳಲ್ಲಿ ಕೊಳವೆಯೊಳಗೆ ಮಲ ಸಾಗಿಹೋಗಲು ನೀರಿನ ಒಂದು ತಳಮಿತಿ ಬೇಕೇ ಬೇಕು. ಅಲ್ಲಿ ಎರಡು ಲೀಟರಿನ ವಾದವನ್ನು ಕಣ್ಣುಮುಚ್ಚಿ ಹೂಡಲಾಗದು. ಕೇಂದ್ರದ 1999ರ ಜಲಪೂರೈಕೆಯ ಕೈಪಿಡಿಯೇ ಈ ಭೇದವನ್ನು ಬಲ್ಲದು: ಒಳಚರಂಡಿಯಿರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರು, ಇಲ್ಲದ ಊರಿಗೆ 70, ಬೀದಿನಳದವರಿಗೆ 40 ಎಂದು ಅದು ವಿಂಗಡಿಸುತ್ತದೆ. 70 ಮತ್ತು 40ರ ಪಾಲಿನವರಿಗೂ 135ರ ಪಾಲಿನವರಿಗೂ ಒಂದೇ ಮಿತವ್ಯಯದ ಪಾಠ ಹೇಳುವುದರಲ್ಲಿ ನ್ಯಾಯವಿಲ್ಲ.

ಏರೇಟರಿನ ಜಾಲರಿಗೆ ಇನ್ನೊಂದು ಶತ್ರುವುಂಟು. ನದಿಯ ನೀರು ತಡವಾದಾಗ ಜನ ಕೊಳವೆಬಾವಿಗೆ ಹೋಗುತ್ತಾರೆ. ಈ ಸೀಮೆಯ ನೆಲದ ನೀರು ಬಹಳ ಕಡೆ ಗಡಸು. ಮುಂಡರಗಿಯ ಕಡೆ ಫ್ಲೋರೈಡಿನ ಬಾಧೆಯೂ ಇದೆ. ಗಡಸು ನೀರಿನ ಸುಣ್ಣ ಕಟ್ಟಿ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ನಡೆಯುವುದನ್ನು ಯಾವ ಪ್ಲಂಬರನನ್ನು ಕೇಳಿದರೂ ಹೇಳುತ್ತಾನೆ: ಮನೆಯವರು ಬಿಲ್ಲೆಯನ್ನು ತಿರುವಿ ತೆಗೆದು ಕಿಟಕಿಯ ಮೇಲಿಡುತ್ತಾರೆ.

ಇಷ್ಟನ್ನು ಹೇಳಿ ನಿಯಮವೇ ಬೇಡವೆಂದು ತೀರ್ಮಾನಿಸಿದರೆ ಅದು ಪಕ್ಷಪಾತದ ವಿಮರ್ಶೆಯಾದೀತು. ಬೀದಿಯಲ್ಲಿ ನಳ ಎಂಟು ದಿನಕ್ಕೊಮ್ಮೆ ಬಂದರೂ, ಮೂರಂತಸ್ತಿನ ಕಟ್ಟಡದ ನೆತ್ತಿಯ ಮೇಲೆ ಟಾಕಿಯಿದ್ದರೆ, ಒಳಗಿನವರಿಗೆ ಅದು ಎಡೆಬಿಡದ ನೀರೇ. ಗದಗಿನ ವಸತಿಗೃಹಗಳು, ಕಲ್ಯಾಣಮಂಟಪಗಳು, ಆಸ್ಪತ್ರೆಗಳು, ವಿದ್ಯಾರ್ಥಿನಿಲಯಗಳು, ನಮ್ಮ ಕಾಲೇಜುಗಳು ಸಹ ಈ ವರ್ಗಕ್ಕೆ ಸೇರಿದವು. ಇಲ್ಲಿ ಬಳಸುವವನು ಬೇರೆ, ನೀರಿಗೆ ಹಣ ತೆರುವವನು ಬೇರೆ. ಕೈ ತೊಳೆಯುವವನಿಗೆ ಬ್ಯಾರಲಿನ ತಳ ಕಾಣಿಸುವುದಿಲ್ಲ. ಏರೇಟರು, ತಾನಾಗಿ ಮುಚ್ಚಿಕೊಳ್ಳುವ ನಳ, ಸಣ್ಣ ತೊಟ್ಟಿ ಇವುಗಳ ಯೋಗ್ಯವಾದ ಸ್ಥಾನ ಇದೇ. ಬೆಂಗಳೂರಿನ ಆಜ್ಞೆಯು ಮುಖ್ಯವಾಗಿ ಇಂಥ ಕಟ್ಟಡಗಳತ್ತಲೇ ಬೆರಳು ಮಾಡಿದ್ದು ಅದರ ವಿವೇಕ. ಇದಕ್ಕೆ ಪ್ರತಿಯಾಗಿ ಮಾದರಿ ಉಪವಿಧಿಗಳು ನಿವೇಶನದ ವಿಸ್ತೀರ್ಣವನ್ನು ಅಳತೆಗೋಲಾಗಿ ಹಿಡಿದಿವೆ. ನಮ್ಮ ಊರುಗಳಲ್ಲಿ ಅದು ತಪ್ಪು ಅಳತೆ. ಬೆಟಗೇರಿಯ ನೇಕಾರನ ಮನೆ ಮಗ್ಗದ ಕುಣಿಯ ಸಲುವಾಗಿ ವಿಶಾಲವಾಗಿದ್ದು, ನೀರಿಗೆ ಎರಡು ಹಂಡೆ ಮಾತ್ರ ಇರಬಹುದು. ನಿಲ್ದಾಣದ ಹತ್ತಿರದ ಕಿರಿದಾದ ನಿವೇಶನದಲ್ಲಿ ನಾಲ್ಕು ಅಂತಸ್ತಿನ ವಸತಿಗೃಹ ಎದ್ದಿರಬಹುದು. ಕೇಳಬೇಕಾದ ಪ್ರಶ್ನೆ ನಿವೇಶನ ಎಷ್ಟು ಚದರವೆಂದಲ್ಲ; ಟಾಕಿ ಎಷ್ಟು ಲೀಟರು, ಅದರ ಕೆಳಗೆ ನಳಗಳೆಷ್ಟು ಎಂದು.

ಸಾಮಾನ್ಯ ಮನೆಗಳ ಮಟ್ಟಿಗೆ, ನೀರನ್ನು ನಿಜವಾಗಿ ಉಳಿಸುವ ಸಲಕರಣೆ ಯಾವುದು? ನನ್ನ ಅಭಿಪ್ರಾಯದಲ್ಲಿ ಅದು ಮಾನಕಗಳ ಮೆರವಣಿಗೆಯಲ್ಲಿ ಹಿಂದೆ ಬೀಳುವ ಒಂದು ಬಡವಸ್ತು: ಸಂಪು ತುಂಬಿದೊಡನೆ ತಾನಾಗಿ ನೀರನ್ನು ತಡೆಯುವ, ತೇಲುವ ಗುಂಡಿನ ಫ್ಲೋಟ್ ವಾಲ್ವ್. ನಳ ನಡುರಾತ್ರಿಯಲ್ಲಿ ಬರುತ್ತದೆ, ಸಂಪಿನ ಬಾಯಲ್ಲಿ ತಡೆಯಿಲ್ಲ, ಮನೆಯವರಿಗೆ ನಿದ್ದೆ, ಬೆಳಗಿನ ತನಕ ಗಟಾರು ಹರಿಯುತ್ತದೆ. ತಿರುಗಣಿಯೇ ಇಲ್ಲದ ಬೀದಿನಳಗಳ ಕಥೆಯೂ ಇದೇ. ಎರಡನೆಯದು, ಬೀದಿಯ ಕೊಳವೆಗೆ ನೇರವಾಗಿ ಹಚ್ಚಿ ನೀರನ್ನು ಎಳೆಯುವ ಮೋಟರು. ಇದು ನೆರೆಯವನ ಪಾಲನ್ನು ಕಸಿಯುವುದಷ್ಟೇ ಅಲ್ಲ, ಕೊಳವೆಯಲ್ಲಿ ಒತ್ತಡ ಕುಸಿದಾಗ ಬಿರುಕಿನ ಮೂಲಕ ಗಟಾರದ ನೀರನ್ನೂ ಒಳಕ್ಕೆ ಸೆಳೆಯುತ್ತದೆ. ಮಿತವ್ಯಯದ ಸಲಕರಣೆಗಳನ್ನು ಕುರಿತ ನಿಯಮವು ಈ ದುಂದಿನ ಸಲಕರಣೆಯ ಎದುರಿನಲ್ಲಿ ಮೌನವಾಗಿರಬಾರದು. ಮೂರನೆಯದು ಪೌರಸಭೆಯ ಸ್ವಂತ ಕೊಳವೆ. 2021ರಲ್ಲಿ ಆರಂಭವಾದ ಅಮೃತ್ ಯೋಜನೆಯ ಎರಡನೆಯ ಹಂತವು, ಲೆಕ್ಕಕ್ಕೆ ಸಿಗದೆ ಹೋಗುವ ನೀರನ್ನು ನೂರಕ್ಕೆ 20ರ ಕೆಳಗೆ ತರಬೇಕೆಂದು ಗುರಿಯಿಟ್ಟಿತು. ಗುರಿಯೇ 20 ಎಂದ ಮೇಲೆ ಇರುವ ಸ್ಥಿತಿ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಯವಳ ಕೈಯ ತಂಬಿಗೆಗೆ ಅಳತೆ ಹಾಕುವ ಸಂಸ್ಥೆಯು ತನ್ನ ಕೊಳವೆಯ ಸೋರಿಕೆಗೂ ಅದೇ ಉಪವಿಧಿಯಲ್ಲಿ ಒಂದು ಕಲಮನ್ನು ಬರೆದುಕೊಂಡರೆ ಮಾತಿಗೆ ತೂಕ ಬರುತ್ತದೆ.

ಇಲ್ಲಿಂದ ಮುಂದೆ ನನ್ನ ಶಾಸ್ತ್ರದ ಕಡೆಗೆ ತಿರುಗಬಯಸುತ್ತೇನೆ. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂದು ಶಾಸನಗಳು ಕರೆದ ನಾಡೇ ನಮ್ಮ ಈ ಸೀಮೆ. ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ನೀರಿನ ಕೊರತೆ ಈ ನಾಡಿಗೆ ಹೊಸದಾಗಿ ಬಂದುದಲ್ಲ. ಲಕ್ಕುಂಡಿಯ ಮುಸುಕಿನ ಬಾವಿ, ಕನ್ನೆ ಬಾವಿ, ಛಬ್ಬೀರ ಬಾವಿಗಳು, ಡಂಬಳದ ಜಪದ ಬಾವಿ, ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದ ಆವರಣದ ಬಾವಿ ಇವನ್ನು ಶಿಲ್ಪದ ಮಾದರಿಗಳೆಂದು ವಿದ್ಯಾರ್ಥಿಗಳಿಗೆ ತೋರಿಸುತ್ತೇವೆ. ನೀರಿನ ಸಲಕರಣೆಗಳೆಂದೂ ಅವನ್ನು ನೋಡಬಹುದು. ಮೆಟ್ಟಿಲ ಬಾವಿಯಲ್ಲಿ ಮಿತಿ ಹಾಕುವುದು ಮೆಟ್ಟಿಲೇ: ನೀರು ಇಳಿದಷ್ಟೂ ಹೊರುವವಳ ದಾರಿ ಉದ್ದವಾಗುತ್ತದೆ, ಕೊರತೆಯ ಪ್ರಮಾಣವನ್ನು ಕಾಲೇ ಎಣಿಸುತ್ತದೆ. ಕೆರೆಗಳ ವಿಷಯದಲ್ಲಿ ಶಾಸನಗಳು ಇನ್ನೂ ಸ್ಪಷ್ಟ. ‘ಬಿಟ್ಟುವಟ’ ಎಂಬ ಪದವನ್ನು ಶಾಸನಾಭ್ಯಾಸಿಗಳು ಬಲ್ಲರು. ಕೆರೆಯ ಕೆಳಗಿನ ಭೂಮಿಯ ಫಲದಲ್ಲಿ ಒಂದು ಪಾಲನ್ನು ಕೆರೆಯ ರಕ್ಷಣೆಗೆಂದು ಬಿಟ್ಟುಕೊಡುವ ಏರ್ಪಾಡು ಅದು. ‘ಕೊಡಗೆ’ಯ ಭೂಮಿಯದೂ ಇಂಥದೇ ಉದ್ದೇಶ. ಅಂದರೆ ನಿಯಮವನ್ನು ಬರೆದ ಕೈಯೇ ಅದನ್ನು ನಡೆಯಿಸುವವನ ಅನ್ನಕ್ಕೂ ದಾರಿ ಮಾಡಿತ್ತು.

ಆದರೆ ಇತಿಹಾಸಕಾರರಾದ ನಮಗೆ ಬಾವಿಯ ಮೋಹ ಬೇಗ ಹಿಡಿಯುತ್ತದೆ. ಆ ಮೆಟ್ಟಿಲುಗಳನ್ನು ಎಲ್ಲರೂ ಇಳಿಯುವಂತಿರಲಿಲ್ಲ ಎಂಬುದನ್ನು ಮರೆತು ಮಾತನಾಡುವುದು ನಮ್ಮ ಲೇಖನಗಳ ಹಳೆಯ ದೋಷ. ನಮ್ಮ ನಾಡಿನಲ್ಲಿ ಬೀದಿಯ ನಳಕ್ಕೆ ಇರುವ ಘನತೆ ಬರಿಯ ಅನುಕೂಲದ್ದಲ್ಲ. ಮುಟ್ಟಬಾರದವರೆಂದು ದೂರವಿಟ್ಟವರಿಗೆ, ಇನ್ನೊಬ್ಬರ ಕೈಯಿಂದ ಸುರಿಸಿಕೊಳ್ಳದೆ ತಮ್ಮ ಕೈಯಿಂದಲೇ ನೀರು ಹಿಡಿಯುವ ದಾರಿಯನ್ನು ಅದು ತೆರೆಯಿತು. ಈ ಪ್ರಸಂಗದಲ್ಲಿ 1923ರ ಆಗಸ್ಟಿನಲ್ಲಿ ಮುಂಬಯಿಯ ಶಾಸನಸಭೆಯು ಎಸ್. ಕೆ. ಬೋಲೆಯವರ ಸೂಚನೆಯ ಮೇಲೆ ಅಂಗೀಕರಿಸಿದ ಠರಾವನ್ನು ನೆನೆಯಬೇಕು. ಸಾರ್ವಜನಿಕ ಹಣದಿಂದ ಕಟ್ಟಿದ ಬಾವಿ, ಕೆರೆ, ಧರ್ಮಶಾಲೆಗಳು ಅಸ್ಪೃಶ್ಯರೆಂದು ಎಣಿಸಿದವರಿಗೂ ತೆರೆದಿರಬೇಕೆಂಬುದು ಅದರ ಸಾರ. ಗದಗು, ಮುಂಡರಗಿಗಳು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದುದರಿಂದ, ಕೆಲವು ಹರದಾರಿಯ ಅಂತರದಲ್ಲಿ ಠರಾವಿನ ಮೇರೆಯೇ ಮುಗಿಯುತ್ತಿತ್ತು. ಮೇರೆಯ ಒಳಗಾದರೂ ಅದು ನಡೆಯಿತೆ? ಕೊಂಕಣದ ಮಹಾಡಿನ ಪೌರಸಭೆಯು 1924ರಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದುದಾಗಿ ನಿರ್ಣಯ ಮಾಡಿತು. ಆ ನಿರ್ಣಯ ಕಡತದಲ್ಲಿಯೇ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಜನರೊಡನೆ ನಡೆದುಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಬೇಕಾಯಿತು. ಅದಕ್ಕೆ ಉತ್ತರವಾಗಿ ಪೆಟ್ಟುಗಳೂ ಬಿದ್ದವು. ನೀರನ್ನು ಕುರಿತ ಪೌರಸಭೆಯ ನಿಯಮಗಳ ಚರಿತ್ರೆಯನ್ನು ಬರೆಯುವವರು ಇದನ್ನು ಮೊದಲ ಅಧ್ಯಾಯವಾಗಿ ಇಟ್ಟುಕೊಳ್ಳಬೇಕು. ಬರೆದ ನಿಯಮಕ್ಕೂ ತುಟಿಗೆ ತಾಗಿದ ನೀರಿಗೂ ನಡುವೆ ಮೂರು ವರ್ಷ ಅಲ್ಲಿ ಯಾರೂ ನಿಂತಿರಲಿಲ್ಲ.

ಈಗಿನ ನಿಯಮಗಳಲ್ಲಿ ಆ ನಡುವಿನ ಸ್ಥಾನ ಯಾರದು? ಬೆಂಗಳೂರಿನಲ್ಲಿ ಉತ್ತರ ಸುಲಭ. ನೀರು ಕೊಡುವವರೂ ಬಿಲ್ಲು ಕಳಿಸುವವರೂ ದಂಡ ಹಾಕುವವರೂ ಒಂದೇ ಮಂಡಳಿ. 2009ರಲ್ಲಿ ಮಳೆನೀರಿನ ಕೊಯಿಲನ್ನು ಕಡ್ಡಾಯ ಮಾಡಿದಾಗಲೂ, ಮುಂದೆ ತಪ್ಪಿದವರ ನೀರಿನ ಬಿಲ್ಲಿಗೇ ದಂಡವನ್ನು ಕೂಡಿಸಲು ಸಾಧ್ಯವಾದುದು ಈ ಕಾರಣದಿಂದ. ಶಿರಹಟ್ಟಿಯಂಥ ಊರಿನಲ್ಲಿ ಮನೆಯೊಂದು ನಕ್ಷೆಯ ಮಂಜೂರಾತಿಯನ್ನು ಪಡೆಯುವುದು ಒಮ್ಮೆ. ಆ ಒಂದು ದಿನ ಮಾತ್ರ ಕಾಗದದಲ್ಲಿ ಮಿತವ್ಯಯದ ನಳ ಇರುತ್ತದೆ. ಆಮೇಲೆ ಬಚ್ಚಲಿಗೆ ಬಂದು ನೋಡುವವರು ಯಾರೂ ಇಲ್ಲ, ಬರಬೇಕೆಂದು ಜನರೂ ಬಯಸಲಾರರು. ಊರಿನ ನೀರನ್ನು ದಿನವೂ ಬಲ್ಲವನು ಒಬ್ಬನೇ: ಓಣಿ ಓಣಿಗೆ ಕವಾಟ ತಿರುವುತ್ತ ನಡೆಯುವ, ನೀರು ಬಿಡುವ ವಾಲ್ವ್‌ಮನ್. ಯಾವ ಸಂಪು ರಾತ್ರಿಯೆಲ್ಲ ಉಕ್ಕುತ್ತದೆ, ಯಾವ ಮನೆಯಲ್ಲಿ ಮೋಟರು ಕೂಗುತ್ತದೆ, ಯಾವ ಕೂಡಿನಲ್ಲಿ ಕೊಳವೆ ಸೋರುತ್ತದೆ ಎಂಬುದು ಅವನಿಗೆ ಕಂಠಪಾಠ. ಮೂರು ಬರಹಗಳಲ್ಲಿ ಒಂದರಲ್ಲಿಯೂ ಅವನಿಗೆ ಸ್ಥಾನವಿಲ್ಲ. ಬಿಟ್ಟುವಟದ ಕಾಲದವರು ಈ ತಪ್ಪನ್ನು ಮಾಡುತ್ತಿರಲಿಲ್ಲವೆಂದು ತೋರುತ್ತದೆ.

ಕೊನೆಯದಾಗಿ, ಯಾವ ಮಾನಕವೂ ಅಳೆಯದ ಒಂದು ವ್ಯಯವನ್ನು ಹೇಳಬೇಕಾಗಿದೆ. ನಮ್ಮ ಸೀಮೆಯ ಮನೆಗಳಲ್ಲಿ ಹೊಸ ನಳ ಬಂದೊಡನೆ, ಹಂಡೆ ಬ್ಯಾರಲುಗಳಲ್ಲಿ ಉಳಿದ ಹಳೆಯ ನೀರನ್ನು ಅಂಗಳಕ್ಕೆ ಚೆಲ್ಲಿ ಪಾತ್ರೆ ತಿಕ್ಕಿ ಹೊಸ ನೀರನ್ನು ತುಂಬುತ್ತಾರೆ. ಹುಳು ಬೀಳುವ ಭಯ, ಹಳೆಯ ನೀರು ಕುಡಿಯಬಾರದೆಂಬ ಭಾವನೆ ಎರಡೂ ಇದರ ಹಿಂದೆ ಇವೆ, ಎರಡನ್ನೂ ತಪ್ಪೆನ್ನುವಂತಿಲ್ಲ. ಆದರೆ ಅಷ್ಟು ನೀರು ಉಳಿದದ್ದು ಹೇಗೆ? ಮುಂದಿನ ನಳ ಎಂದು ಬರುವುದೋ ತಿಳಿಯದೆ, ಹದಿನೈದು ದಿನಕ್ಕೆಂದು ಕೂಡಿಟ್ಟು ಬಿಗಿಯಾಗಿ ಬಳಸಿದ ಮನೆಗೆ ನಳ ಎಂಟನೆಯ ದಿನವೇ ಬಂದುಬಿಟ್ಟಿತು. ಎಂಟನೆಯ ದಿನವೆಂದು ಮೊದಲೇ ಗೊತ್ತಿದ್ದರೆ ಆಕೆ ಅಷ್ಟು ತುಂಬುತ್ತಲೂ ಇರಲಿಲ್ಲ, ಇಷ್ಟು ಚೆಲ್ಲುತ್ತಲೂ ಇರಲಿಲ್ಲ. ಗದಗ-ಬೆಟಗೇರಿಯಾಗಲಿ, ಉಳಿದ ಮೂರು ಊರುಗಳಾಗಲಿ, ಜಲಮಿತವ್ಯಯದ ಉಪವಿಧಿಯನ್ನು ತಾವೇ ಬರೆಯಲು ಕುಳಿತರೆ, ಅದರ ಮೊದಲನೆಯ ಕಲಮು ಮನೆಯ ಒಡೆಯನನ್ನು ಕುರಿತದ್ದಾಗಿರಬೇಕಾಗಿಲ್ಲ. ಪ್ರತಿ ಓಣಿಗೆ ನೀರು ಬಿಡುವ ದಿನವನ್ನೂ ವೇಳೆಯನ್ನೂ ಓಣಿಯ ಬಾಯಲ್ಲಿ ಹಲಗೆಯ ಮೇಲೆ ಬರೆಯತಕ್ಕದ್ದು. ತಪ್ಪಿದ ದಿನ ತಪ್ಪಿದ ಕಾರಣವನ್ನೂ ಅದೇ ಹಲಗೆಯ ಮೇಲೆ ಬರೆಯತಕ್ಕದ್ದು ಎಂದಿರಲಿ. ಫ್ಲೋಟ್ ವಾಲ್ವಿನ ಕಲಮನ್ನು ಎರಡನೆಯದಾಗಿ ಇಟ್ಟುಕೊಳ್ಳಬಹುದು.